ಮೆದುಳಿನ ನಕಾಶೆ, ಪಿ.ಬಿ. ರಸ್ತೆಯ ಅಂಚಿನಿಂದ

ದಾವಣಗೆರೆಯ ಯಾವುದೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗದ ಮುಂದೆ ಒಂದು ಸಂಜೆ ಕೂತರೆ ಇಂಥ ಮಾತುಗಳು ಕಿವಿಗೆ ಬೀಳುತ್ತವೆ. "ಬೆಳಗ್ಗೆ ಎದ್ದಾಗ ಬಾಯಿ ಸೊಟ್ಟ ಆಗಿತ್ರೀ." "ನಾವು ಹೇಳಿದ್ದು ತಿಳೀತೈತಿ, ತಿರುಗಿ ಹೇಳಾಕ ಬರವಲ್ದು." "ಗಾಡಿ ಮೇಲಿಂದ ಬಿದ್ದಾಗಿಂದ ಮೊದ್ಲಿನಂಗಿಲ್ಲ." "ನಿಂತ್ರೆ ಜೋಲಿ ಹೊಡೀತಾನೆ." ಈ ನಾಲ್ಕು ಮಾತುಗಳು ಮೆದುಳಿನ ನಾಲ್ಕು ಬೇರೆ ಬೇರೆ ಜಾಗಗಳತ್ತ ಬೆರಳು ತೋರಿಸುತ್ತವೆ. ಹೇಳುವವರಿಗೆ ಅದು ಗೊತ್ತಿರಬೇಕಿಲ್ಲ. ಸ್ಕ್ಯಾನ್ ಕೈಗೆ ಬರುವ ಮೊದಲು ವೈದ್ಯರು ಅಂದಾಜು ಕಟ್ಟುವುದು ಮಾತ್ರ ಇಂಥ ಮಾತುಗಳ ಮೇಲೇ.

ಶಾಲೆಯ ಪಾಠ ಮೆದುಳನ್ನು ಮುಮ್ಮೆದುಳು, ಮಧ್ಯಮೆದುಳು, ಹಿಮ್ಮೆದುಳು ಎಂದು ಮೂರು ಪಾಲು ಮಾಡಿ, ಒಂದೊಂದರ ಮುಂದೆ ಒಂದೊಂದು ಕೆಲಸ ಬರೆದು ಮುಗಿಸುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಒಂದು ಭಾಗಕ್ಕೆ ಒಂದೇ ಕೆಲಸ ಎಂದು ಗೆರೆ ಎಳೆಯಬಹುದೇ ಎಂಬ ಪ್ರಶ್ನೆ ಸುಮಾರು ಇನ್ನೂರು ವರ್ಷದಿಂದ ವೈದ್ಯರನ್ನು ಕಾಡುತ್ತ ಬಂದಿದೆ. ಗೆರೆ ಇದೆ, ಆದರೆ ಪಟ್ಟಿಯಲ್ಲಿ ಕಾಣುವಷ್ಟು ನೇರವಾಗಿಲ್ಲ ಎಂಬುದು ನನ್ನ ತೀರ್ಮಾನ. ಒಂದು ಜಾಗ ಕೆಟ್ಟಾಗ ಯಾವ ಕೆಲಸ ನಿಂತಿತು ಎಂಬುದು ಕಣ್ಣಿಗೆ ಕಾಣುತ್ತದೆ. ಆ ಕೆಲಸವನ್ನು ಆ ಜಾಗವೊಂದೇ ಮಾಡುತ್ತಿತ್ತು ಎಂಬುದು ಅಷ್ಟರಿಂದಲೇ ಸಾಬೀತಾಗುವುದಿಲ್ಲ. ಅಲ್ಲಿಂದ ಹಾದುಹೋಗುವ ದಾರಿ ಕಡಿದಿರಬಹುದು. ಇದಕ್ಕೆ ಸಾಕ್ಷ್ಯ ಹುಡುಕಿಕೊಂಡು ಕರ್ನಾಟಕದಿಂದ ಹೊರಗೆ ಹೋಗಲೇಬೇಕು ಅಂತೇನಿಲ್ಲ.

ದೊಡ್ಡವರ ಮೆದುಳು ಸುಮಾರು 1,300ರಿಂದ 1,400 ಗ್ರಾಂ ತೂಗುತ್ತದೆ. ದೇಹದ ತೂಕದಲ್ಲಿ ಶೇ 2ರಷ್ಟು, ಆದರೆ ಉಸಿರಿನ ಆಮ್ಲಜನಕದಲ್ಲಿ ಶೇ 20ರಷ್ಟು ಅದಕ್ಕೇ ಬೇಕು. 1965ರಲ್ಲಿ ಶುರುವಾದ ದಾವಣಗೆರೆಯ ಜೆಜೆಎಂ ಮೆಡಿಕಲ್ ಕಾಲೇಜಿನಂಥ ಕಡೆ ಅಂಗರಚನಾ ವಿಭಾಗದಲ್ಲಿ ವಿದ್ಯಾರ್ಥಿಗಳು ನೋಡುವುದು ಫಾರ್ಮಲಿನ್‌ನಲ್ಲಿ ಗಟ್ಟಿಯಾದ ಬೂದು ಬಣ್ಣದ ಮೆದುಳನ್ನು. ಜೀವ ಇರುವಾಗ ಅದು ಬೆರಳಿಟ್ಟರೆ ಕುಸಿಯುವಷ್ಟು ಮೆತ್ತಗಿರುತ್ತದೆ. ಸಾಮಾನ್ಯರಿಗೂ ನೋಡುವ ಆಸೆಯಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ವಸ್ತುಸಂಗ್ರಹಾಲಯವಿದೆ. ನರರೋಗಶಾಸ್ತ್ರಜ್ಞ ಎಸ್.ಕೆ. ಶಂಕರ್ ಅವರ ಮುಂದಾಳುತನದಲ್ಲಿ ಬೆಳೆದ ಆ ಸಂಗ್ರಹದಲ್ಲಿ ಲಕ್ವ, ಗಡ್ಡೆ, ಲಾಡಿಹುಳು, ಅಪಘಾತ ಇವೆಲ್ಲ ಮೆದುಳಿನ ಮೇಲೆ ಬಿಟ್ಟ ಗುರುತು ನೋಡಬಹುದು. ಬಂದವರ ಕೈಗೆ ನಿಜವಾದ ಮೆದುಳನ್ನು ಕೊಡುವುದೂ ಉಂಟು. ಪುಸ್ತಕದ ಬಣ್ಣಬಣ್ಣದ ಚಿತ್ರ ನೋಡಿ ಬೆಳೆದವರಿಗೆ ಆಗ ಮೊದಲು ಹೊಳೆಯುವ ಸಂಗತಿಯೆಂದರೆ, ಭಾಗಗಳ ನಡುವೆ ಗಡಿಯೇ ಕಾಣುವುದಿಲ್ಲ.

ಮಡಿಕೆಮಡಿಕೆಯಾದ ಮೇಲ್ಪದರದಲ್ಲಿ, ಎರಡೂ ಪಕ್ಕದಲ್ಲಿ ತಲಾ ನಾಲ್ಕು ಹಾಲೆಗಳನ್ನು ಗುರುತಿಸುತ್ತಾರೆ: ಹಣೆಯದು, ನೆತ್ತಿಯದು, ಕಣತಲೆಯದು, ಹಿಂದಲೆಯದು. ಹಣೆ ಮತ್ತು ನೆತ್ತಿಯ ಹಾಲೆಗಳು ಕೂಡುವ ಕಡೆ, ನಡುನೆತ್ತಿಯಿಂದ ಕಿವಿಯ ಕಡೆಗೆ ಇಳಿಯುವ ಒಂದು ಪಟ್ಟಿ ಕೈಕಾಲು ಆಡಿಸುತ್ತದೆ. ಅದರ ಬೆನ್ನಿಗೇ ಇರುವ ಪಟ್ಟಿ ಮುಟ್ಟಿದ್ದನ್ನು ಅರಿಯುತ್ತದೆ. ದೇಹ ಇಲ್ಲಿ ತಲೆಕೆಳಗಾಗಿ ಬರೆದುಕೊಂಡಿದೆ. ಕಾಲು ಮೇಲೆ, ಎರಡು ಅರ್ಧಗಳ ನಡುವಿನ ಸಂದಿನಲ್ಲಿ. ಕೈ ಪಕ್ಕದಲ್ಲಿ, ಮುಖ ಇನ್ನೂ ಕೆಳಗೆ. ಹೆಬ್ಬೆರಳಿಗೂ ತುಟಿಗೂ ಸಿಕ್ಕ ಜಾಗ ಇಡೀ ಬೆನ್ನಿಗೆ ಸಿಕ್ಕಿಲ್ಲ. ಎಡಗೈ ಎತ್ತಲಾಗದವನ ಬಲಮೆದುಳನ್ನು ವೈದ್ಯರು ನೋಡುವುದೇಕೆಂದರೆ, ಮೇಲಿನಿಂದ ಇಳಿವ ನರದ ಎಳೆಗಳಲ್ಲಿ ಬಹುಪಾಲು ಮೆದುಳಿನ ಬುಡದಲ್ಲಿ ಪಕ್ಕ ಬದಲಿಸುತ್ತವೆ.

ಲಕ್ವ ಹೊಡೆದವರ ಮನೆಯಲ್ಲಿ ಕೇಳುವ ಒಂದು ಮಾತಿದೆ: ಕಾಲು ಹೇಗೋ ಬಂತು, ಕೈ ಮಾತ್ರ ಬರಲಿಲ್ಲ. ಎಣ್ಣೆ ನೀವುವವರು, ಪಾರಿವಾಳದ ರಕ್ತ ಹಚ್ಚುವವರು ಇದಕ್ಕೆ ತಮ್ಮದೇ ಕಾರಣ ಹೇಳುತ್ತಾರೆ. ನಿಜವಾದ ಕಾರಣ ರಕ್ತನಾಳಗಳ ಹಂಚಿಕೆಯಲ್ಲಿದೆ. ಮೆದುಳಿನ ಪಕ್ಕಕ್ಕೆ ರಕ್ತ ಒಯ್ಯುವ ನಡು ಅಪಧಮನಿಯಲ್ಲಿ ಹೆಪ್ಪು ಕೂರುವುದೇ ಹೆಚ್ಚು. ಅದರ ಪಾಲಿಗೆ ಬರುವುದು ಮುಖ ಮತ್ತು ಕೈ. ಸಂದಿನೊಳಗಿನ ಕಾಲಿನ ಜಾಗಕ್ಕೆ ಮುಂದಿನ ಅಪಧಮನಿ ಬೇರೆಯೇ ಇದೆ. ಕಾಯಿಲೆಗೆ ನಮ್ಮ ಹಾಲೆಗಳ ಲೆಕ್ಕ ಗೊತ್ತಿಲ್ಲ. ಅದು ರಕ್ತನಾಳದ ಎಲ್ಲೆಯನ್ನು ಹಿಡಿದು ಹೋಗುತ್ತದೆ. ದೊಡ್ಡ ನಾಳ ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಅಮೆರಿಕದ ವೈದ್ಯ ಜೆಫ್ರಿ ಸೇವರ್ ಲೆಕ್ಕ ಹಾಕಿದರು. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ, ಒಳಗೆ ರಕ್ತಸ್ರಾವ ಆಗಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಹರಿಹರದಿಂದ ದಾವಣಗೆರೆಗೆ ಸುಮಾರು 14 ಕಿ.ಮೀ., ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿ.ಮೀ. ನೆಂಟರೊಬ್ಬರು "ಇಲ್ಲಿ ಬ್ಯಾಡ, ಸೀದಾ ಬೆಂಗ್ಳೂರಿಗೇ ಒಯ್ಯಿರಿ" ಎಂದು ದೊಡ್ಡಸ್ತಿಕೆ ತೋರಿಸಿದರೆ ಆ ನಾಲ್ಕೂವರೆ ಗಂಟೆ ತುಮಕೂರಿನ ಆಸುಪಾಸಿನಲ್ಲೇ ಮುಗಿದುಹೋಗುತ್ತದೆ. ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆ 2022ರಲ್ಲಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ ಜಿಲ್ಲಾ ಮಟ್ಟದಲ್ಲೇ ನರರೋಗ ಗುರುತಿಸುವವರನ್ನು ತಯಾರು ಮಾಡಲು ಹೊರಟದ್ದು ಈ ದೂರದ ಲೆಕ್ಕ ಗೊತ್ತಿದ್ದೇ.

ಬಲ ಪಕ್ಕದ ನೆತ್ತಿಯ ಹಾಲೆಗೆ ಪೆಟ್ಟಾದರೆ ಇನ್ನೊಂದು ವಿಚಿತ್ರ ನಡೆಯುತ್ತದೆ. ಎಡಗಡೆಯ ಜಗತ್ತೇ ಲೆಕ್ಕದಿಂದ ಬಿಟ್ಟುಹೋಗುತ್ತದೆ. ತಟ್ಟೆಯ ಬಲಭಾಗದ ರೊಟ್ಟಿ ತಿಂದು ಎಡಭಾಗದ ಪಲ್ಯ ಹಾಗೇ ಬಿಟ್ಟು, ಊಟ ಸಾಲಲಿಲ್ಲ ಎಂದು ಸಿಟ್ಟಾಗುತ್ತಾರೆ. ಕಣ್ಣು ಸರಿಯಾಗೇ ಇರುತ್ತದೆ. ಮನೆಯವರು ಹಟ ಎಂದುಕೊಳ್ಳುತ್ತಾರೆ. ಹಿಂದಲೆಯ ಹಾಲೆಯದು ನೋಟ. ಅಲ್ಲಿ ಒಂದು ಪಕ್ಕ ಕೆಟ್ಟರೆ "ಒಂದು ಕಣ್ಣು ಹೋಯ್ತು" ಎಂದೇ ರೋಗಿ ಹೇಳುವುದು. ನಿಜಕ್ಕೂ ಹೋಗಿರುವುದು ಎರಡೂ ಕಣ್ಣಿನ ಅರ್ಧರ್ಧ ನೋಟ.

ಮಾತಿನ ಕಥೆ ಸ್ವಲ್ಪ ನಿಂತು ನೋಡುವಂಥದ್ದು. 1861ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ, "ಟಾನ್" ಎಂಬ ಒಂದೇ ಸದ್ದು ಹೊರಡಿಸುತ್ತಿದ್ದ ರೋಗಿಯ ಮೆದುಳನ್ನು ಅವನು ಸತ್ತ ಮೇಲೆ ಬಿಚ್ಚಿ ನೋಡಿ, ಎಡಹಣೆಯ ಹಾಲೆಯಲ್ಲಿ ಕೊಳೆತ ಜಾಗ ಕಂಡ. 1874ರಲ್ಲಿ ಕಾರ್ಲ್ ವೆರ್ನಿಕೆ, ಮಾತು ನಿರರ್ಗಳವಾಗಿದ್ದೂ ಅರ್ಥ ಕೆಟ್ಟುಹೋದವರಲ್ಲಿ ಎಡ ಕಣತಲೆಯ ಹಾಲೆಯ ಹಿಂಭಾಗ ಹಾಳಾಗಿರುವುದನ್ನು ತೋರಿಸಿದ. ಆಡುವುದಕ್ಕೊಂದು ಜಾಗ, ತಿಳಿಯುವುದಕ್ಕೊಂದು ಜಾಗ ಎಂದು ಪಠ್ಯಪುಸ್ತಕ ಬರೆದುಬಿಟ್ಟಿತು. ಆದರೆ ಓದು? ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಪರಂಪರೆಯಿಂದ ಬಂದ ಭಾಷಾ ಚಿಕಿತ್ಸಾ ತಜ್ಞೆ ಪ್ರತಿಭಾ ಕಾರಂತ್ 1981ರಲ್ಲಿ ಕಾರ್ಟೆಕ್ಸ್ ಪತ್ರಿಕೆಯಲ್ಲಿ, ಕನ್ನಡ ಮತ್ತು ಇಂಗ್ಲಿಷ್ ಎರಡೂ ಬಲ್ಲ ಒಬ್ಬರಲ್ಲಿ ಕಂಡ ಶುದ್ಧ ಓದುನಷ್ಟದ ಬಗ್ಗೆ ಬರೆದರು. ಈ ತೊಂದರೆಯಲ್ಲಿ ಮಾತು ಇರುತ್ತದೆ, ಕೇಳಿದ್ದು ತಿಳಿಯುತ್ತದೆ, ಬರೆಯಲೂ ಆಗುತ್ತದೆ. ತಾನೇ ಬರೆದದ್ದನ್ನು ಸ್ವಲ್ಪ ಹೊತ್ತಿನ ಮೇಲೆ ಓದಲು ಕೊಟ್ಟರೆ ಮಾತ್ರ ಓದಲಾಗುವುದಿಲ್ಲ. 1892ರಲ್ಲೇ ಫ್ರಾನ್ಸಿನ ದೆಜೆರಿನ್ ಇದರ ಒಳಗುಟ್ಟು ಹೇಳಿದ್ದ: ಅಕ್ಷರ ಬಲ್ಲ ಜಾಗ ಕೆಟ್ಟಿರುವುದಿಲ್ಲ, ಕಣ್ಣು ಕಂಡದ್ದು ಆ ಜಾಗಕ್ಕೆ ತಲುಪುವ ದಾರಿ ಕಡಿದಿರುತ್ತದೆ. ನಮ್ಮ ಲಿಪಿಯಲ್ಲಿ ಒತ್ತು, ದೀರ್ಘ, ಕೊಂಬು ಎಲ್ಲ ಒಂದೇ ಅಕ್ಷರದ ಸುತ್ತ ಕೂರುವುದರಿಂದ, ರೋಮನ್ ಅಕ್ಷರಗಳ ಮೇಲೆ ಕಟ್ಟಿದ ಓದಿನ ಸಿದ್ಧಾಂತಗಳನ್ನು ಹಾಗೆಯೇ ತಂದು ಹಾಕಲಾಗದು ಎಂಬ ಚರ್ಚೆಯೂ ಇಂಥ ಕೆಲಸಗಳಿಂದಲೇ ಬೆಳೆಯಿತು. ಭಾಗಕ್ಕಿಂತ ದಾರಿ ದೊಡ್ಡದು ಎಂಬುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನು ಹಣೆಯ ಹಾಲೆ. ದಾವಣಗೆರೆ, ಹರಿಹರ ಎರಡೂ ಹಳೆಯ ಪುಣೆ–ಬೆಂಗಳೂರು ರಸ್ತೆಯ, ಅಂದರೆ ಪಿ.ಬಿ. ರಸ್ತೆಯ, ಮೇಲೆ ಬೆಳೆದ ಊರುಗಳು. ಈಗ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 48 ಹಾಯುತ್ತದೆ. ಹೆಲ್ಮೆಟ್ಟಿಲ್ಲದೆ ಬೈಕಿನಿಂದ ಬಿದ್ದವರ ತಲೆಯಲ್ಲಿ ಮೊದಲು ಜಜ್ಜಿಹೋಗುವ ಜಾಗಗಳಲ್ಲಿ ಹಣೆಯ ಹಾಲೆಯ ತಳವೂ ಕಣತಲೆಯ ಹಾಲೆಯ ತುದಿಯೂ ಸೇರಿವೆ. ಅವುಗಳ ಕೆಳಗೆ ಬುರುಡೆಯ ಒಳಮೈ ಒರಟೊರಟಾಗಿದೆ. ವಾರ್ಡಿನಲ್ಲಿ ಕೆಲವು ದಿನ ಇದ್ದು, ನಡೆದುಕೊಂಡೇ ಮನೆಗೆ ಬರುತ್ತಾರೆ. ಹೆಸರು, ಊರು, ಸಾಲದ ಲೆಕ್ಕ ಎಲ್ಲ ನೆನಪಿರುತ್ತದೆ. ಆಮೇಲೆ ಶುರುವಾಗುತ್ತದೆ: ಹಿರಿಯರ ಮುಂದೆ ಬಾಯಿಗೆ ಬಂದದ್ದು ಆಡುವುದು, ದುಡ್ಡು ಎತ್ತೆತ್ತಲೋ ಸುರಿಯುವುದು, ಇಲ್ಲವೇ ಯಾವುದಕ್ಕೂ ಏಳದೆ ಬೆಳಗಿನಿಂದ ಸಂಜೆಯವರೆಗೆ ಕಟ್ಟೆಯ ಮೇಲೆ ಕೂತಿರುವುದು. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲುಹಳಿ ಕೆಲಸದ ಮೇಸ್ತ್ರಿ ಫಿನಿಯಸ್ ಗೇಜ್‌ನ ತಲೆಯ ಮೂಲಕ ಕಬ್ಬಿಣದ ಸರಳು ತೂರಿಹೋಗಿಯೂ ಅವನು ಬದುಕಿದ. ಆದರೆ ಗೆಳೆಯರಿಗೆ ಅವನು ಹಳೆಯ ಗೇಜ್ ಅನ್ನಿಸಲಿಲ್ಲ. ಆ ಕಥೆಗೆ ಆಮೇಲೆ ಬಹಳ ಉಪ್ಪುಖಾರ ಸೇರಿದೆ. ಮುಂದಿನ ವರ್ಷಗಳಲ್ಲಿ ಅವನು ಚಿಲಿ ದೇಶದಲ್ಲಿ ಕುದುರೆಗಾಡಿ ಓಡಿಸುವಷ್ಟು ಸುಧಾರಿಸಿದ್ದನ್ನು ಹೇಳುವವರು ಕಡಿಮೆ. ಯೋಜನೆ, ತಡೆ, ಮುಂದಾಲೋಚನೆ ಇವೆಲ್ಲ ಹಣೆಯ ಹಾಲೆಯ ಕೆಲಸ ಎಂದು ಒಂದೇ ಸಾಲಿನಲ್ಲಿ ಓದಿ ಮರೆಯುತ್ತೇವೆ. ಆ ಸಾಲಿನ ಭಾರ ಹೊರುವವರು ಮನೆಯ ಹೆಂಗಸರು. ಡಿಸ್ಚಾರ್ಜ್ ಹೊತ್ತಿನಲ್ಲಿ "ಸ್ವಭಾವ ಬದಲಾಗಬಹುದು, ಅದು ಪೆಟ್ಟಿನಿಂದ" ಎಂದು ಒಂದು ಮಾತು ಹೇಳಿ ಕಳಿಸಿದರೆ ಎಷ್ಟೋ ಮನೆಗಳ ಜಗಳ ತಪ್ಪೀತು.

ಕಣತಲೆಯ ಹಾಲೆಯ ಒಳಮಗ್ಗುಲಲ್ಲಿ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್, ಭಯವನ್ನು ತೂಗುವ ಅಮಿಗ್ಡಲಾ ಇವೆ. 1953ರಲ್ಲಿ ಮೂರ್ಛೆರೋಗ ತಡೆಯಲು ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಯುವಕನ ಮೆದುಳಿನಿಂದ ಎರಡೂ ಕಡೆಯ ಈ ಭಾಗಗಳನ್ನು ತೆಗೆದರು. ಮೂರ್ಛೆ ಕಡಿಮೆಯಾಯಿತು. ಆದರೆ 2008ರಲ್ಲಿ ಸಾಯುವವರೆಗೂ ಆತನಿಗೆ ಹೊಸ ಘಟನೆ ಯಾವುದೂ ನೆನಪಿನಲ್ಲಿ ನಿಲ್ಲಲಿಲ್ಲ. ಹಳೆಯದು ಇತ್ತು, ಕೈಯ ಹೊಸ ಚಳಕವನ್ನೂ ಕಲಿಯುತ್ತಿದ್ದ, ಕಲಿತೆನೆಂಬುದು ಮಾತ್ರ ನೆನಪಿರಲಿಲ್ಲ. ನೆನಪು ಅನ್ನುವುದು ಒಂದೇ ವಸ್ತುವಲ್ಲ ಎಂದು ಜಗತ್ತಿಗೆ ತಿಳಿದದ್ದು ಹೀಗೆ.

ಇದೇ ಹಾಲೆ ನಮ್ಮ ಬಚ್ಚಲಿನ ತನಕ ಬರುತ್ತದೆ. ಬಿಸಿನೀರಿನ ಮೂರ್ಛೆ ಎಂಬ ಕಾಯಿಲೆಯನ್ನು ಮೊದಲು 1945ರಲ್ಲಿ ನ್ಯೂಜಿಲೆಂಡ್‌ನಿಂದ ವರದಿ ಮಾಡಿದರು, ಅದೂ ಒಂದು ಅಪರೂಪದ ಸಂಗತಿಯೆಂದು. ಇದು ದಕ್ಷಿಣ ಕರ್ನಾಟಕದಲ್ಲಿ ಅಪರೂಪವೇ ಅಲ್ಲ ಎಂದು ಬೆಂಗಳೂರಿನ ನರರೋಗ ತಜ್ಞ ಕೆ.ಎಸ್. ಮಣಿ ಮತ್ತು ಸಂಗಡಿಗರು 1960ರ ದಶಕದ ಕೊನೆಯಿಂದ ತೋರಿಸುತ್ತ ಬಂದರು. ಮುಂದೆ ನಿಮ್ಹಾನ್ಸ್ ನಿರ್ದೇಶಕರೂ ಆದ ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿದರು. ಹಂಡೆಯಿಂದ 40–50 ಡಿಗ್ರಿ ಬಿಸಿಯ ನೀರನ್ನು ಚೊಂಬಿನಲ್ಲಿ ತೋಡಿ ತಲೆಯ ಮೇಲೆ ಬೇಗಬೇಗ ಸುರಿದುಕೊಳ್ಳುವಾಗ ನೋಟ ಮಂಜಾಗುತ್ತದೆ, ಮಾತು ಅಸಂಬದ್ಧವಾಗುತ್ತದೆ, ಕೆಲವರು ಪೂರ್ತಿ ಎಚ್ಚರ ತಪ್ಪುತ್ತಾರೆ. ಹೆಂಗಸರಿಗಿಂತ ಗಂಡಸರಲ್ಲಿ ಎರಡು ಪಟ್ಟಿಗೂ ಹೆಚ್ಚು. ಕೆಲವರಿಗೆ ಆ ಕ್ಷಣ ಹಿತವೆನಿಸಿ, ನಿಲ್ಲಿಸಲಾಗದೆ ಮತ್ತೆ ಮತ್ತೆ ಸುರಿದುಕೊಳ್ಳುತ್ತಾರೆ. ಎರೆದುಕೊಳ್ಳುವ ದಿನ ಬಚ್ಚಲಲ್ಲಿ ಬಿದ್ದವನ ಕೈಗೆ ಬೀಗದಕೈ ಕೊಟ್ಟು, ಗಾಳಿ ಮೆಟ್ಟಿಕೊಂಡಿದೆ ಎಂದು ತಾಯಿತ ಕಟ್ಟಿಸಿದ ಮನೆಗಳು ಎಷ್ಟಿವೆಯೋ. ಪರೀಕ್ಷೆಗಳು ಬೆರಳು ತೋರುವುದು ಕಣತಲೆಯ ಹಾಲೆ ಮತ್ತು ಮೆದುಳಿನ ನಡುವಿನಾಳದ ಹೈಪೊಥಲಾಮಸ್ ಎರಡರತ್ತ. ಹೈಪೊಥಲಾಮಸ್ ಹಸಿವು, ಬಾಯಾರಿಕೆ, ನಿದ್ದೆ, ಹಾರ್ಮೋನುಗಳ ಜೊತೆಗೆ ಮೈಶಾಖವನ್ನೂ ನೋಡಿಕೊಳ್ಳುವ ಪುಟ್ಟ ಭಾಗ. ಈ ಮೂರ್ಛೆ ಮನೆತನದಲ್ಲಿ ಹರಿದುಬರುವುದನ್ನು ನೋಡಿ ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದ ಸಂಶೋಧಕರು ವಂಶವಾಹಿಯ ಜಾಡನ್ನೂ ಹಿಡಿದರು. ಚಿಕಿತ್ಸೆ ಬಹಳ ಸಲ ಸುಲಭ: ನೀರು ಉಗುರುಬೆಚ್ಚಗಿರಲಿ, ತಲೆಗೆ ಸುರಿಯದಿರಿ, ಅದಾಗದಿದ್ದರೆ ಸ್ನಾನಕ್ಕೆ ಮುಂಚೆ ವೈದ್ಯರು ಹೇಳಿದ ಮಾತ್ರೆ. ಬಿಸಿಯನ್ನು ಅರಿಯುವ ಒಂದು ಜಾಗ, ಮೂರ್ಛೆಗೆ ಹದವಾಗಿರುವ ಇನ್ನೊಂದು ಜಾಗ, ಮನೆತನದಿಂದ ಬಂದ ಒಲವು, ಮೇಲೆ ನೀರು ಎರೆಯುವ ನಮ್ಮ ರೂಢಿ. ಇದನ್ನು ಯಾವ ಒಂದು ಭಾಗದ ಖಾತೆಗೆ ಬರೆಯುವುದು?

ನಡುವಿನಾಳದಲ್ಲಿ ಥಲಾಮಸ್ ಇದೆ. ವಾಸನೆಯೊಂದನ್ನು ಬಿಟ್ಟು ಉಳಿದ ಇಂದ್ರಿಯಗಳ ಸುದ್ದಿಯೆಲ್ಲ ಅಲ್ಲಿಂದಲೇ ಮೇಲ್ಪದರಕ್ಕೆ ಹೋಗುವುದು. ಬೆಣ್ಣೆದೋಸೆಯ ಹೋಟೆಲಿನ ಮುಂದೆ ಹಾಯುವಾಗ ಬಾಲ್ಯ ತಟ್ಟನೆ ಎದ್ದು ಬರುವುದಕ್ಕೆ ವಾಸನೆಯ ಈ ಒಳದಾರಿಯನ್ನೇ ಕಾರಣ ಹೇಳುವವರಿದ್ದಾರೆ. ಇರಬಹುದು, ಬೆಣ್ಣೆಯ ಪಾಲೂ ಕಡಿಮೆಯಲ್ಲ. ಥಲಾಮಸ್ ಚಲನೆಗೂ ಬೇಕು. 2017ರ ಜುಲೈನಲ್ಲಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ, ಗಿಟಾರ್ ಹಿಡಿದಾಗ ಮಾತ್ರ ಬೆರಳು ಸೆಟೆದುಕೊಳ್ಳುತ್ತಿದ್ದ ಯುವಕನೊಬ್ಬನಿಗೆ ಎಚ್ಚರವಿದ್ದಾಗಲೇ ಶಸ್ತ್ರಚಿಕಿತ್ಸೆ ನಡೆಯಿತು. ಅವನು ಮೇಜಿನ ಮೇಲೆ ಗಿಟಾರ್ ನುಡಿಸುತ್ತಿದ್ದ, ವೈದ್ಯರು ಥಲಾಮಸ್‌ನ ಸಣ್ಣ ಬಿಂದುವೊಂದನ್ನು ಸುಡುತ್ತಿದ್ದರು, ಬೆರಳು ಸಡಿಲವಾಯಿತು. ಮೆದುಳಿಗೆ ತನ್ನದೇ ನೋವು ತಿಳಿಯದ್ದರಿಂದ ಇದು ಸಾಧ್ಯ. ಸುಟ್ಟದ್ದು ಬೆರಳಿನ ಜಾಗವನ್ನಲ್ಲ, ತಪ್ಪು ತಾಳ ಸುತ್ತುತ್ತಿದ್ದ ದಾರಿಯನ್ನು.

ಅದೇ ದಾರಿಯ ಇನ್ನೊಂದು ತುದಿ ಮಧ್ಯಮೆದುಳಿನ ಕಪ್ಪು ಪಟ್ಟೆ. ಅಲ್ಲಿನ ಕೋಶಗಳು ಸತ್ತು ಡೋಪಮಿನ್ ಬತ್ತಿದರೆ ಪಾರ್ಕಿನ್ಸನ್ ಬರುತ್ತದೆ. ಕೈ ನಡುಗುತ್ತದೆ, ಹೆಜ್ಜೆ ಕಿರಿದಾಗುತ್ತದೆ. ಹೊಲದ ಬೇಲಿಯಲ್ಲಿ ಮುಟ್ಟಿದವರನ್ನು ತುರಿಸಿ ಕೊಲ್ಲುವ ನಸುಗುನ್ನಿಯ ಬೀಜದಲ್ಲಿ, ಇದಕ್ಕೆ ಕೊಡುವ ಲೆವೊಡೋಪಾ ಎಂಬ ಔಷಧವೇ ಇದೆ. ಹಾಗೆಂದು ಬೀಜ ಕುಟ್ಟಿ ತಿನ್ನುವ ಕೆಲಸ ಬೇಡ, ಪ್ರಮಾಣ ಕೈಗೆ ಸಿಗುವುದಿಲ್ಲ.

ಮಧ್ಯಮೆದುಳು ಉದ್ದದಲ್ಲಿ ಎರಡು ಸೆಂಟಿಮೀಟರ್ ಆದೀತು. ಕಣ್ಣು ಹೊರಳಿಸುವುದು, ಸದ್ದಿಗೆ ತಿರುಗುವುದು, ಎಚ್ಚರ ಇವೆಲ್ಲದರಲ್ಲೂ ಅದಕ್ಕೆ ಪಾಲಿದೆ. ಇಷ್ಟು ಚಿಕ್ಕ ಭಾಗದ ಹೆಸರಿನಲ್ಲಿ ನಮ್ಮ ಊರೂರಲ್ಲಿ ಒಂದು ದಂಧೆಯೇ ನಡೆಯಿತು. 'ಮಿಡ್ ಬ್ರೈನ್ ಆಕ್ಟಿವೇಶನ್' ಎಂದು ಸಾವಿರಾರು ರೂಪಾಯಿ ಪಡೆದು, ಕಣ್ಣಿಗೆ ಪಟ್ಟಿ ಕಟ್ಟಿದ ಮಕ್ಕಳಿಂದ ಓದಿಸಿ ತೋರಿಸುತ್ತಿದ್ದರು. ಮಂಗಳೂರಿನ ನರೇಂದ್ರ ನಾಯಕ್ ಊರೂರಿಗೆ ಹೋಗಿ ಸವಾಲು ಹಾಕಿ, ಮಕ್ಕಳು ಮೂಗಿನ ಪಕ್ಕದ ಸಂದಿನಿಂದ ನೋಡುತ್ತಾರೆ ಎಂದು ಬಿಡಿಸಿ ತೋರಿಸಿದರು. ಮೋಸ ಅಷ್ಟು ಸಣ್ಣದು. ಮಕ್ಕಳಿಗೆ ಸುಳ್ಳು ಹೇಳಲು ಕಲಿಸಿದ್ದು ಅದಕ್ಕಿಂತ ದೊಡ್ಡ ಅಪರಾಧ ಎಂದು ನನ್ನ ಎಣಿಕೆ.

ಎಡಮೆದುಳು ಲೆಕ್ಕಕ್ಕೆ, ಬಲಮೆದುಳು ಕಲೆಗೆ ಎಂಬುದೂ ಇದೇ ಅಂಗಡಿಯ ಸರಕು. ಬಲಗೈ ಬಳಸುವ ಬಹುಪಾಲು ಜನರಲ್ಲಿ ಭಾಷೆ ಎಡಕ್ಕೆ ವಾಲಿರುವುದು ನಿಜ. ಎರಡರ ನಡುವಿನ ಸುಮಾರು 20 ಕೋಟಿ ಎಳೆಗಳ ಸೇತುವೆಯನ್ನು ಕತ್ತರಿಸಿದ ರೋಗಿಗಳಲ್ಲಿ ಒಂದು ಅರ್ಧ ಕಂಡದ್ದನ್ನು ಇನ್ನೊಂದು ಅರ್ಧ ಹೇಳಲಾರದು ಎಂದು ತೋರಿಸಿದ ರೋಜರ್ ಸ್ಪೆರಿಗೆ 1981ರಲ್ಲಿ ನೊಬೆಲ್ ಬಂದದ್ದೂ ನಿಜ. ಆದರೆ ಸೇತುವೆ ಇರುವ ತಲೆಯಲ್ಲಿ ಹಾಡಿಗೂ ಗಣಿತಕ್ಕೂ ಎರಡೂ ಬೇಕು. ಹೊಯ್ಸಳ ಸೇನಾನಿ ಪೋಲಾಳ್ವ 1224ರ ಹೊತ್ತಿಗೆ ಹರಿಹರದಲ್ಲಿ ಕಟ್ಟಿಸಿದ ಗುಡಿಯ ಮೂರ್ತಿಯಲ್ಲಿ ಬಲಕ್ಕೆ ಹರ, ಎಡಕ್ಕೆ ಹರಿ. ಬೇರೆ ಬೇರೆ ಆಯುಧ ಹಿಡಿದಿದ್ದರೂ ನಿಂತಿರುವುದು ಒಂದೇ ಮೈಯಾಗಿ. ಮೆದುಳಿನ ಎರಡು ಅರ್ಧಗಳನ್ನು ನೋಡಬೇಕಾದದ್ದೂ ಹಾಗೆ.

ಹಿಂದಲೆಯ ಕೆಳಗಿನ ಅನುಮಸ್ತಿಷ್ಕವನ್ನು ಪಠ್ಯಪುಸ್ತಕ 'ಸಮತೋಲನ' ಎಂದು ಒಂದು ಪದದಲ್ಲಿ ಮುಗಿಸುತ್ತದೆ. ತೂಕದಲ್ಲಿ ಅದು ಮೆದುಳಿನ ಹತ್ತನೇ ಒಂದು ಪಾಲು. ಆದರೆ ಒಟ್ಟು ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿ ಅಲ್ಲೇ ಇವೆ ಎಂದು 2009ರಲ್ಲಿ ಬ್ರೆಜಿಲ್‌ನ ಸಂಶೋಧಕರು ಎಣಿಸಿದರು. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ, ಕಾದ ಮರಳಿನಲ್ಲಿ ಅಕ್ಕಿ ಅರಳಿದ ಕ್ಷಣಕ್ಕೇ ಜರಡಿಗೆ ಎತ್ತುವ ಕೈ ನೋಡಿ. ಒಂದು ಗಳಿಗೆ ತಡವಾದರೆ ಸೀದುಹೋಗುತ್ತದೆ. ಆ ಕೈ ಯೋಚಿಸಿ ಎತ್ತುವುದಿಲ್ಲ. ಪ್ರತಿ ಚಲನೆಯ ಫಲವನ್ನು ಮುಂಚೆಯೇ ಅಂದಾಜಿಸಿ, ತಪ್ಪಿದ್ದನ್ನು ತಿದ್ದಿ, ಮರುದಿನಕ್ಕೆ ಉಳಿಸಿಕೊಳ್ಳುವುದು ಅನುಮಸ್ತಿಷ್ಕದ ಕೆಲಸ. ಕುಡಿತ ತಡಬಡಾಯಿಸುವಂತೆ ಮಾಡುವುದೂ ಇದನ್ನೇ. ಅಲ್ಲಿ ಪೆಟ್ಟಾದವರಲ್ಲಿ ಯೋಜನೆ, ಮಾತು, ಭಾವನೆಯ ಹದವೂ ಕೆಡಬಹುದು ಎಂದು 1998ರಲ್ಲಿ ಜೆರೆಮಿ ಶ್ಮಾಮನ್ ತೋರಿಸಿದ ಮೇಲೆ, 'ಸಮತೋಲನ' ಎಂಬ ಒಂದು ಪದದಲ್ಲಿ ಇದರ ಕೆಲಸ ಹಿಡಿಯುವುದು ಕಷ್ಟವಾಗಿದೆ.

ಕೊನೆಗೆ ಕಾಂಡ. ಮಧ್ಯಮೆದುಳು, ಪಾನ್ಸ್, ಮೆಡುಲ್ಲಾ ಸೇರಿ ಬೆರಳುದ್ದದ ಈ ಭಾಗದಲ್ಲಿ ಉಸಿರು, ಎಚ್ಚರ, ನುಂಗುವುದು, ಕೆಮ್ಮು, ರಕ್ತದೊತ್ತಡದ ಹಿಡಿತ ಎಲ್ಲ ಇವೆ. ಇಲ್ಲಿ ಮಾತ್ರ ಭಾಗ ಮತ್ತು ಕೆಲಸದ ಗಂಟು ಅಷ್ಟು ಬಿಗಿಯೆಂದರೆ, 1994ರ ಅಂಗಾಂಗ ಕಸಿ ಕಾಯ್ದೆ ಇದರ ಸಾವನ್ನೇ ಮನುಷ್ಯನ ಸಾವೆಂದು ಒಪ್ಪಿದೆ. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬೈಕ್ ಅಪಘಾತಕ್ಕೆ ಸಿಕ್ಕ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನು ಮನೆಯವರು ದಾನ ಮಾಡಿದಾಗ 'ಮೆದುಳು ನಿಷ್ಕ್ರಿಯ' ಎಂಬ ಮಾತು ಕರ್ನಾಟಕದ ಮನೆಮನೆಗೆ ಬಂತು. ನಾಲ್ವರು ವೈದ್ಯರ ಮಂಡಳಿ ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಬೇಕು. ಕಣ್ಣಿಗೆ ಬೆಳಕು ಬಿಟ್ಟರೆ ಪಾಪೆ ಕಿರಿದಾಗುತ್ತದೆಯೇ, ಗಂಟಲು ಮುಟ್ಟಿದರೆ ಕೆಮ್ಮು ಬರುತ್ತದೆಯೇ, ವೆಂಟಿಲೇಟರ್ ಬಿಡಿಸಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗಲೂ ತಾನಾಗಿ ಉಸಿರೆಳೆಯುತ್ತಾರೆಯೇ. ಇಷ್ಟಕ್ಕೂ ಉತ್ತರ ಇಲ್ಲವೆಂದಾದ ಮೇಲೂ ಕೆಲವೊಮ್ಮೆ ಬೆರಳು ಮಿಡುಕುತ್ತದೆ, ತೋಳು ಅಲುಗುತ್ತದೆ. ಹಾಸಿಗೆಯ ಪಕ್ಕದಲ್ಲಿದ್ದವರು ಜೀವ ಬಂತೆಂದು ಕೂಗುತ್ತಾರೆ. ಅದು ಬೆನ್ನುಹುರಿಯದು, ಅದಕ್ಕೆ ಮೆದುಳಿನ ಅಪ್ಪಣೆ ಬೇಕಿಲ್ಲ. ಇದನ್ನು ಆ ಹೊತ್ತಿನಲ್ಲಿ ಹೇಳಿ ಒಪ್ಪಿಸುವುದು ಕಷ್ಟ. ಎರಡು ಪರೀಕ್ಷೆಗಳ ನಡುವಿನ ಆರು ಗಂಟೆಯಲ್ಲಿ, ಬೆರಳು ಅಲುಗುವ ಮುಂಚೆಯೇ, ಕೂತು ಹೇಳಿಟ್ಟಿರಬೇಕು.